ಹದಿಮೂರರವರೆಗೆ ಎಣಿಸುವ ಕೆಲಸ

ಟೇಬಲ್ ಟೆನಿಸ್ ಅಂಪೈರ್ ಆಗಬೇಕೆಂದು ಬರುವ ಹೊಸಬರಿಗೆ ನಾನು ಹೇಳುವ ಮೊದಲ ಮಾತು ನಿಯಮದ ಪುಸ್ತಕದಲ್ಲಿ ಇಲ್ಲ. ಪಂದ್ಯದ ದಿನ ಬೆಳಿಗ್ಗೆ ಒಂದೇ ಕಪ್ ಚಹಾ ಕುಡಿಯಿರಿ. ಎತ್ತರದ ಕುರ್ಚಿಯಲ್ಲಿ ಒಮ್ಮೆ ಕೂತರೆ ಆಟ ಮುಗಿಯುವವರೆಗೆ ಎದ್ದು ಹೋಗುವಂತಿಲ್ಲ. ನೀವು ಎದ್ದರೆ ಆಟ ನಿಲ್ಲುತ್ತದೆ, ಯಾಕೆ ಎದ್ದಿರಿ ಎಂಬುದು ಇಡೀ ಸಭಾಂಗಣಕ್ಕೆ ತಿಳಿಯುತ್ತದೆ. ಇದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ.

ಎರಡನೆಯ ಮಾತು: ಕೂತಲ್ಲೇ ಕನಸು ಕಾಣುವವರು ಈ ಕೆಲಸಕ್ಕೆ ಬರಬೇಡಿ. ಇದನ್ನು ಹೇಳುವ ಹಕ್ಕು ನನಗಿದೆ, ಏಕೆಂದರೆ ನಾನು ಮೂವತ್ತು ವರ್ಷ ಕನಸು ಕಾಣುತ್ತಲೇ ಈ ಕೆಲಸ ಮಾಡಿದೆ. ಮೊದಲು ಹುಮನಾಬಾದಿನಲ್ಲಿ, ಆಮೇಲೆ ಬಸವಕಲ್ಯಾಣದಲ್ಲಿ ಹೈಸ್ಕೂಲಿನ ದೈಹಿಕ ಶಿಕ್ಷಕನಾಗಿದ್ದೆ. ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವುದು ನೌಕರಿ. ಜೀವ ಇದ್ದದ್ದು ಮಾತ್ರ ಒಂಬತ್ತು ಅಡಿಯ ಆ ಹಸಿರು ಹಲಗೆಯ ಮೇಲೆ. ನೌಕರಿಯಲ್ಲಿ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ನನ್ನನ್ನು ಈ ಆಟಕ್ಕೆ ಎಳೆದವರು ಖಾದರ್ ಸಾಹೇಬರು. ಹುಮನಾಬಾದಿನ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ನಮ್ಮ ಕಡೆ ಅಂಪೈರ್ ಪರೀಕ್ಷೆ ಪಾಸು ಮಾಡಿದ ಮೊದಲಿಗರು. ಹಳೆಯ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಒಂದು ಟೇಬಲ್ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದು ಪಟ್ಟಿ ಇಳಿದು ಟೇಬಲ್ಲಿನ ಮೇಲೆ ಅಡ್ಡ ಮಲಗುತ್ತಿತ್ತು. ಬಿಳಿ ಚೆಂಡು ಆ ಪಟ್ಟಿಯನ್ನು ದಾಟುವಾಗ ಒಂದು ಕ್ಷಣ ಬೆಳಗಿ, ಮತ್ತೆ ಆರುತ್ತಿತ್ತು. ಹುಟ್ಟೂರು ದುಬಲಗುಂಡಿಯಿಂದ ಯಾವುದೋ ಕೆಲಸಕ್ಕೆ ಬಂದಿದ್ದ ನಾನು ವಾಪಸ್ ಬಸ್ಸನ್ನು ಬಿಟ್ಟು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಬೆಳಗುವುದು, ಆರುವುದು, ಟಕ್ ಎನ್ನುವುದು, ಮತ್ತೆ ಟಕ್ ಎನ್ನುವುದು. ಸಾಹೇಬರು ನನ್ನನ್ನು ಗಮನಿಸಿ ಯಾರು ಗೆಲ್ಲುತ್ತಿದ್ದಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ಜೋರಾಗಿ ನಕ್ಕು, ಇಂಥವನನ್ನೇ ಹುಡುಕುತ್ತಿದ್ದೆ ಎಂದು ಸ್ಟೂಲು ತೋರಿಸಿದರು.

ಮೊದಲ ಆರು ತಿಂಗಳು ಅವರು ನನಗೆ ನಿಯಮ ಕಲಿಸಲಿಲ್ಲ, ಕಣ್ಣು ಮುಚ್ಚಿ ಕೂರಲು ಕಲಿಸಿದರು. ಇಬ್ಬರು ಆಡುತ್ತಿದ್ದರೆ ನಾನು ಕಣ್ಣು ಮುಚ್ಚಿ, ಚೆಂಡು ಎಲ್ಲಿ ಬಿತ್ತು ಎಂದು ಸದ್ದಿನಿಂದಲೇ ಹೇಳಬೇಕು. ಹಲಗೆಯ ನಡುವೆ ಬಿದ್ದರೆ ಒಂದು ಸದ್ದು, ಅಂಚಿನ ಮೇಲೆ ಬಿದ್ದರೆ ಸಣ್ಣದು, ಪಕ್ಕಕ್ಕೆ ತಗುಲಿದರೆ ಮಂಕಾದದ್ದು. ‘ಕಣ್ಣು ಮೋಸ ಮಾಡ್ತಾವ ಮಾಣಿಕಪ್ಪಾ, ಕಿವಿ ಮಾಡಂಗಿಲ್ಲ’ ಎನ್ನುತ್ತಿದ್ದರು. ಅವರ ಮಾತು ಬಹುಮಟ್ಟಿಗೆ ನಿಜ. ಆದರೆ ಕಣ್ಣು ಮುಚ್ಚಿ ಕೂತರೆ ನನ್ನಂಥವನು ಎಲ್ಲಿಗೆ ಹೋಗಿಬಿಡುತ್ತಾನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ಸದ್ದಿನ ಮೇಲೆ ಹತ್ತಿ ನಾನು ಎಷ್ಟು ಊರು ತಿರುಗಿ ಬಂದಿದ್ದೇನೋ ಲೆಕ್ಕವಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಲಬುರಗಿಯಲ್ಲಿ ಕಾಲೇಜು ಹುಡುಗರ ಒಂದು ಫೈನಲ್ಲಿಗೆ ನಾನು ಅಂಪೈರ್. ಕೊನೆಯ ಗೇಮಿನ ಅರ್ಧದಲ್ಲಿ ಆಟಗಾರರು ಬದಿ ಬದಲಿಸಬೇಕು. ಅದನ್ನು ನೆನಪಿಸುವುದು ನನ್ನ ಕೆಲಸ. ಕಿಟಕಿಯಾಚೆ ಬೇವಿನ ಮರವಿತ್ತು, ಅದರ ನೆರಳು ಟೇಬಲ್ಲಿನ ಒಂದು ಮೂಲೆಗೆ ಬಂದು ಹೋಗಿ ಮಾಡುತ್ತಿತ್ತು. ನೆರಳು ಬಿಳಿ ಗೆರೆಯನ್ನು ಯಾವಾಗ ಮುಟ್ಟುತ್ತದೆ ಎಂದು ನೋಡುತ್ತಿದ್ದೆ. ಅದು ಗೆರೆ ಮುಟ್ಟಿತು, ಆಗ ಸ್ಕೋರು ಹದಿನೇಳಾಗಿತ್ತು, ಹುಡುಗರು ಇದ್ದ ಬದಿಯಲ್ಲೇ ಇದ್ದರು. ಸೋತ ಹುಡುಗನ ತಂದೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬೈಯುತ್ತ ಬಂದರು. ಬೈಗುಳ ಮುಗಿದ ಮೇಲೆ ಅವರೇ ಒಂದು ಚಹಾ ಕುಡಿಸಿ ಬಸ್ಸು ಹತ್ತಿಸಿದರು.

ಆಗ ಗೇಮು ಇಪ್ಪತ್ತೊಂದು ಪಾಯಿಂಟಿನದು, ಒಬ್ಬರು ಸತತ ಐದು ಸರ್ವ್ ಮಾಡುತ್ತಿದ್ದರು. ಈಗ ಹನ್ನೊಂದಕ್ಕೆ ಗೇಮು, ಎರಡೆರಡೇ ಸರ್ವ್. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಚೆಂಡು ದೊಡ್ಡದಾಯಿತು, ಆಮೇಲೆ ಅದರ ವಸ್ತುವೂ ಬದಲಾಯಿತು. ಹಳೆಯ ಚೆಂಡಿನ ಡಬ್ಬಿ ತೆರೆದರೆ ಕರ್ಪೂರದಂಥ ವಾಸನೆ ಬರುತ್ತಿತ್ತು. ಹೊಸ ಪ್ಲಾಸ್ಟಿಕ್ ಚೆಂಡಿಗೆ ವಾಸನೆ ಇಲ್ಲ, ಸದ್ದು ಒಡಕು. ಅದು ಬಂದ ವರ್ಷ ನಾನು ಪ್ರತಿ ಪಂದ್ಯದಲ್ಲೂ ಚೆಂಡು ಸೀಳಿದೆ ಎಂದು ಕೈ ಎತ್ತಿ ಆಟ ನಿಲ್ಲಿಸುತ್ತಿದ್ದೆ. ಆಟಗಾರರು ಚೆಂಡು ತಿರುಗಿಸಿ ನೋಡಿ, ನನ್ನನ್ನೂ ತಿರುಗಿಸಿ ನೋಡುತ್ತಿದ್ದರು. ಖಾದರ್ ಸಾಹೇಬರು ಕಲಿಸಿದ ಕಿವಿಯನ್ನು ಐವತ್ತರ ಮೇಲೆ ಮತ್ತೆ ಮೊದಲಿನಿಂದ ಕಲಿಸಬೇಕಾಯಿತು. ಈಗಿನ ಹುಡುಗರು ಫಲಕದ ಗುಂಡಿ ಒತ್ತಿದರೆ ಸ್ಕೋರು ಬೆಳಗುತ್ತದೆ. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ, ಆದರೆ ಗುಂಡಿ ಒತ್ತುವುದನ್ನೇ ಅಂಪೈರ್‌ಗಿರಿ ಎಂದುಕೊಂಡವರನ್ನು ಕಂಡರೆ ಸಿಟ್ಟು ಬರುತ್ತದೆ.

ಮೇಲಧಿಕಾರಿಗಳಲ್ಲಿ ನಾನು ಹೆದರಿದ್ದು ಒಬ್ಬರಿಗೇ. ಅವರು ಪುಣೆಯ ರೆಫ್ರಿ ಕುಲಕರ್ಣಿ ಬಾಯಿ. ರೆಫ್ರಿ ಎಂದರೆ ಇಡೀ ಪಂದ್ಯಾವಳಿಯ ಹೊಣೆ ಹೊತ್ತವರು, ಅಂಪೈರ್‌ಗಳ ಮೇಲಿನವರು. ಬಾಯಿಯವರದು ಬಿಳಿ ಸೀರೆ, ಗಂಡಸರ ಕೈಗಡಿಯಾರ, ಕುತ್ತಿಗೆಯಲ್ಲಿ ಎರಡು ಕನ್ನಡಕ. ಒಮ್ಮೆ ನಾನು ನಮ್ಮ ಜಿಲ್ಲೆಯ ಹುಡುಗನ ಸ್ಕೋರು ಹೇಳುವಾಗ ದನಿ ಸ್ವಲ್ಪ ಏರಿತ್ತಂತೆ. ಆಟ ಮುಗಿದ ಮೇಲೆ ಕರೆದು, ಮಾಣಿಕಪ್ಪ, ನಿಮ್ಮ ಮನೆಯಲ್ಲಿ ಮದುವೆ ಇದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ಹಾಗಾದರೆ ಇಷ್ಟು ಸಂತೋಷ ಯಾಕೆ ಎಂದರು. ಅಂದಿನಿಂದ ಸ್ಕೋರು ಹೇಳುವಾಗ ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡೆ. ಅದಕ್ಕೂ ಅವರು ಬೈದರು.

ಇನ್ನು ಬಸವಕಲ್ಯಾಣದ ಪಂದ್ಯಾವಳಿಯ ಸುದ್ದಿ. ಅಕ್ಕಪಕ್ಕದ ದೇಶಗಳ ಹದಿನೈದು ವರ್ಷದೊಳಗಿನ ಮಕ್ಕಳು ನಮ್ಮೂರಿಗೆ ಬಂದು ಆಡಿದರು ಎಂದರೆ ಈಗಿನವರು ನಂಬುವುದಿಲ್ಲ. ಆಗ ನಾವೂ ನಂಬಿರಲಿಲ್ಲ. ಈ ಆಟದ ಹುಚ್ಚು ಹಿಡಿದ ಒಬ್ಬ ಹಿರಿಯರು, ಮದುವೆಗೆಂದು ಹೊಸದಾಗಿ ಕಟ್ಟಿಸಿದ ತಮ್ಮ ಫಂಕ್ಷನ್ ಹಾಲನ್ನು ಬಿಟ್ಟುಕೊಟ್ಟು, ಯಾರ ಯಾರ ಬಾಗಿಲಿಗೋ ಅಲೆದು ಅದನ್ನು ತಂದರು. ನಾನು ನಿವೃತ್ತಿಯಾಗಲು ಕೆಲವೇ ತಿಂಗಳಿದ್ದವು. ನೇಪಾಳ, ಶ್ರೀಲಂಕಾ, ಭೂತಾನ್, ಬಾಂಗ್ಲಾದೇಶದ ಮಕ್ಕಳು ಹೈದರಾಬಾದಿಗೆ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬಂದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಮೂರು ತಾಸು ತಡವಾಗಿ ಮುಟ್ಟಿದಾಗ, ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಕಬ್ಬಿನ ತುಂಡಿತ್ತು.

ಹಾಲಿನಲ್ಲಿ ಇನ್ನೂ ಹಿಂದಿನ ಮದುವೆಯ ಮಲ್ಲಿಗೆ, ಬಿರಿಯಾನಿ ಎರಡರ ವಾಸನೆಯೂ ಇತ್ತು. ನೆಲಕ್ಕೆ ಕೆಂಪು ಚಾಪೆ ಹಾಸಿದೆವು, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದೆವು. ಫ್ಯಾನು ಹಾಕಿದರೆ ಚೆಂಡು ಹಾರುತ್ತದೆಂದು ಎಲ್ಲವನ್ನೂ ಬಂದ್ ಮಾಡಿದೆವು. ಹೊರಗೆ ಉರಿಬಿಸಿಲು, ಒಳಗೆ ತಣ್ಣಗಿನ ಬಿಳಿ ದೀಪ. ಬಾಗಿಲು ದಾಟಿ ಒಳಗೆ ಬಂದವರಿಗೆ ಹೊತ್ತು ಯಾವುದು, ಊರು ಯಾವುದು ಎನ್ನುವುದೇ ಮರೆತು ಹೋಗುತ್ತಿತ್ತು. ನಾಲ್ಕು ಟೇಬಲ್ಲುಗಳ ಸದ್ದು ಒಂದಕ್ಕೊಂದು ಕೂಡಿ, ಯಾರೋ ದೂರದಲ್ಲಿ ಹುಣಸೆ ಬೀಜ ಸುರಿಯುತ್ತಿರುವಂತೆ ಕೇಳುತ್ತಿತ್ತು. ನನಗೆ ಅಲ್ಲಿಂದ ಹೊರಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ.

ಆತಿಥೇಯ ದೇಶವೆಂದು ನಮಗೆ ಇನ್ನೊಂದು ತಂಡ ಇಳಿಸಲು ಅವಕಾಶ ಕೊಟ್ಟಿದ್ದರು. ಆ ಎರಡನೆಯ ತಂಡದಲ್ಲಿ ಮಂಠಾಳದ ಒಬ್ಬ ಹುಡುಗಿ ಇದ್ದಳು, ಅಂಬಿಕಾ. ಮನೆಯವರು ಕುರಿ ಕಾಯುವವರು, ಅಷ್ಟಿಷ್ಟು ಹೊಲವೂ ಇತ್ತು. ಅವಳು ಆಟ ಕಲಿತದ್ದು ಶಾಲೆಯ ಅಂಗಳದ ಟೇಬಲ್ ಮೇಲೆ. ಅದು ಮರದ್ದಲ್ಲ, ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದ ಶಹಾಬಾದ್ ಫರಸಿ ಕಲ್ಲು. ಕಲ್ಲಿನ ಮೇಲೆ ಚೆಂಡು ಏಳುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಹೊಡೆಯಲು ಹೋದರೆ ತಪ್ಪುತ್ತದೆ, ತಾಳ್ಮೆಯಿಂದ ತಳ್ಳುತ್ತಲೇ ಇರಬೇಕು. ಅವಳ ಆಟ ಅಷ್ಟೇ. ತಳ್ಳುವುದು, ಎದುರಿನವರು ಬೇಸತ್ತು ತಪ್ಪು ಮಾಡುವವರೆಗೆ ತಳ್ಳುವುದು. ಹಾಗೆ ತಳ್ಳುತ್ತಲೇ ಕೊನೆಯ ಎಂಟರೊಳಗೆ ಬಂದಿದ್ದಳು. ಇನ್ನೊಂದು ಗೆದ್ದು ಕೊನೆಯ ನಾಲ್ವರಲ್ಲಿ ಬಂದರೆ ರಾಷ್ಟ್ರೀಯ ಶಿಬಿರಕ್ಕೆ ಹೆಸರು ಸೇರಿಸುತ್ತೇನೆ ಎಂದು ದಿಲ್ಲಿಯಿಂದ ಬಂದಿದ್ದ ತರಬೇತುದಾರ ಹೇಳಿದ್ದ. ಶಿಬಿರವೆಂದರೆ ಹಾಸ್ಟೆಲ್ಲು, ಓದು, ಮರದ ಟೇಬಲ್ಲು ಎಲ್ಲವೂ. ಇದು ಮಂಠಾಳದಿಂದ ಹುಮನಾಬಾದಿನವರೆಗೆ ಎಲ್ಲರಿಗೂ ಗೊತ್ತಿತ್ತು.

ಅವಳ ಎದುರಾಳಿ ನೇಪಾಳದ ಹುಡುಗಿ. ಅವಳದೂ ತಳ್ಳುವ ಆಟವೇ. ಅಂಪೈರ್ ಶ್ರೀಲಂಕಾದ ವಿಮಲಸೇನ, ಮಿತಭಾಷಿ, ಸಜ್ಜನ. ಅವರ ಎದುರು ಸಹಾಯಕ ಅಂಪೈರಾಗಿ ಭೂತಾನಿನವರೊಬ್ಬರು ಕೂರಬೇಕಿತ್ತು. ಹಿಂದಿನ ಸಂಜೆ ಅವರನ್ನು ಪ್ರೀತಿಯಿಂದ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಮಿರ್ಚಿ ಭಜಿ ತಿನ್ನಿಸಿದವನು ನಾನೇ. ತಮ್ಮ ದೇಶದಲ್ಲಿ ಮೆಣಸಿನಕಾಯಿಯೇ ಪಲ್ಯ ಎಂದು ಹೇಳಿ ಅವರು ಏಳು ತಿಂದರು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಮೆಣಸಿನಕಾಯಿಯ ತಪ್ಪಲ್ಲ, ನಮ್ಮ ಬಸ್ ಸ್ಟ್ಯಾಂಡಿನ ಎಣ್ಣೆ ಅವರಿಗೆ ಹೊಸದು. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅವರ ಜಾಗಕ್ಕೆ, ಇಲ್ಲಿಗೂ ರೆಫ್ರಿಯಾಗಿ ಬಂದಿದ್ದ ಕುಲಕರ್ಣಿ ಬಾಯಿ ನನ್ನನ್ನೇ ಕೂರಿಸಿದರು. ಆಡುವವಳು ನಮ್ಮ ಜಿಲ್ಲೆಯವಳು, ನಾನು ಕೂರುವುದು ಸರಿಯಲ್ಲ ಎಂದೆ. ಬೇರೆ ಯಾರಿಗೂ ಬಿಡುವಿರಲಿಲ್ಲ. ಬಾಯಿಯವರು ನೇಪಾಳದ ತರಬೇತುದಾರರನ್ನು ಕೇಳಿದರು. ಅವರು ನನ್ನ ನರೆತ ಮೀಸೆ ನೋಡಿ, ಕೈ ಜೋಡಿಸಿ, ಈ ಹಿರಿಯರ ಮೇಲೆ ವಿಶ್ವಾಸವಿದೆ ಎಂದರು.

ಇಬ್ಬರೂ ಎರಡೆರಡು ಗೇಮು ಗೆದ್ದು ಐದನೆಯದಕ್ಕೆ ಬಂದರು. ಇಬ್ಬರೂ ತಳ್ಳುವವರಾದರೆ ಒಂದೊಂದು ಪಾಯಿಂಟಿಗೆ ನಿಮಿಷಗಟ್ಟಲೆ ಹಿಡಿಯುತ್ತದೆ. ಅದಕ್ಕೊಂದು ನಿಯಮವಿದೆ, ನಾವು ಅವಸರದ ನಿಯಮ ಎನ್ನುತ್ತಿದ್ದೆವು. ಗೇಮು ಹತ್ತು ನಿಮಿಷ ದಾಟಿಯೂ ಇಬ್ಬರ ಪಾಯಿಂಟು ಸೇರಿ ಹದಿನೆಂಟು ಆಗಿರದಿದ್ದರೆ ಆ ನಿಯಮ ಜಾರಿಗೆ ಬರುತ್ತದೆ. ಆಮೇಲೆ ಒಬ್ಬೊಬ್ಬರು ಒಂದೊಂದೇ ಸರ್ವ್ ಮಾಡಬೇಕು. ಸರ್ವ್ ಮಾಡಿದವಳು ಬೇಗ ಪಾಯಿಂಟು ಮುಗಿಸಬೇಕು. ಎದುರಿನವಳು ಹದಿಮೂರು ಸಲ ಚೆಂಡನ್ನು ಸರಿಯಾಗಿ ಹಿಂದಿರುಗಿಸಿಬಿಟ್ಟರೆ ಪಾಯಿಂಟು ಆಕೆಗೇ. ಆ ಹದಿಮೂರನ್ನು ಒಬ್ಬರು ಗಟ್ಟಿಯಾಗಿ ಎಣಿಸಬೇಕು. ಹತ್ತು ನಿಮಿಷದ ಗಂಟೆಯಾದಾಗ ಅಂಬಿಕಾ ಎಂಟು, ನೇಪಾಳ ಏಳು. ವಿಮಲಸೇನ ನನ್ನತ್ತ ನೋಡಿ ತಲೆಯಾಡಿಸಿದರು. ಎಣಿಸುವವನು ನಾನು.

ಇಂಗ್ಲಿಷಿನಲ್ಲಿ ಎಣಿಸಬೇಕು. ಒನ್, ಟೂ, ಥ್ರೀ. ಅದರಲ್ಲೇನು ಕಷ್ಟ ಎನ್ನುತ್ತೀರಿ. ನಾಲ್ಕು ಪಾಯಿಂಟು ಬರೋಬರ್ ಎಣಿಸಿದೆ. ಅಂಬಿಕಾ ಹತ್ತು, ನೇಪಾಳ ಒಂಬತ್ತು ಆಯಿತು. ಇನ್ನೊಂದು ಪಾಯಿಂಟು ಬಂದರೆ ಪಂದ್ಯ ಅಂಬಿಕಾಳದು. ಸರ್ವ್ ಅವಳದು, ಹಿಂದಿರುಗಿಸಬೇಕಾದವಳು ನೇಪಾಳದವಳು. ಊರಿನ ಜನ ಹಿಂದೆ ಶಿಳ್ಳೆ ಹೊಡೆದು, ಆಮೇಲೆ ಒಮ್ಮೆಲೇ ಸುಮ್ಮನಾದರು. ಅಂಬಿಕಾ ಅಂಗೈ ಮೇಲೆ ಚೆಂಡು ಇಟ್ಟುಕೊಂಡು ಬಹಳ ಹೊತ್ತು ನಿಂತಳು.

ಆ ಮೌನದಲ್ಲಿ ನಾನು ಹೋಗಿಬಿಟ್ಟೆ. ಎಲ್ಲಿಗೆ ಎಂದರೆ ದುಬಲಗುಂಡಿಯ ನಮ್ಮ ಕಣಕ್ಕೆ. ಬೆಳಗಿನ ಬಿಸಿಲು, ತೂರಿದ ಜೋಳದ ರಾಶಿ, ರಾಶಿಯ ಮುಂದೆ ಮಂಡಿಯೂರಿ ಕೂತ ನಮ್ಮವ್ವ. ಕೈಯಲ್ಲಿ ಸೇರು. ಸೇರಿನಿಂದ ಕಾಳು ಚೀಲಕ್ಕೆ ಬೀಳುವ ಸದ್ದು, ಅದರ ಹಿಂದೆ ಅವ್ವನ ರಾಗದ ದನಿ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಮೊದಲ ಅಳತೆಯನ್ನು ಹಾಗೆ ಕರೆದರೆ ರಾಶಿಗೆ ಬರಕತ್ತು, ಕಾಳು ಹೆಚ್ಚುತ್ತದೆ ಎಂಬ ನಂಬಿಕೆ. ಅವ್ವ ಸೇರು ತುಂಬಿದಳು, ಎತ್ತಿದಳು. ಎಲ್ಲೋ ಟಕ್ ಎಂದಿತು. ಚೆಂಡು ನೇಪಾಳದವಳ ಬ್ಯಾಟಿಗೆ ತಗುಲಿ ಹಿಂದಿರುಗಿತು.

‘ಲಾಭ’ ಎಂದೆ.

ಬಾಯಿಂದ ಬಿದ್ದ ಮೇಲೆ ಎಚ್ಚರಾಯಿತು. ಅಷ್ಟರಲ್ಲಿ ಚೆಂಡು ಹೋಗಿ ಮತ್ತೆ ನೇಪಾಳದವಳ ಬ್ಯಾಟಿಗೆ ಬಂದಿತ್ತು. ತಪ್ಪಿದ್ದನ್ನು ಸರಿ ಮಾಡುವ ಗಡಿಬಿಡಿಯಲ್ಲಿ ‘ಒನ್’ ಎಂದೆ. ಅದು ನಿಜಕ್ಕೂ ಎರಡನೆಯದು. ನನಗೆ ಗೊತ್ತಿತ್ತು. ಆದರೆ ಬಾಯಿ ಟೂ, ಥ್ರೀ ಎಂದು ತನ್ನ ಪಾಡಿಗೆ ಓಡುತ್ತಿತ್ತು, ನಾನು ಅದರ ಹಿಂದೆ ಓಡುತ್ತಿದ್ದೆ. ನಿಲ್ಲಿಸಬೇಕು, ಕೈ ಎತ್ತಬೇಕು ಎಂದುಕೊಳ್ಳುತ್ತಲೇ ಏಯ್ಟ್ ಎಂದೆ, ನೈನ್ ಎಂದೆ. ಟ್ವೆಲ್ವ್ ಎಂದಾಗ ನೇಪಾಳದ ಹುಡುಗಿ ಚೆಂಡು ಹಿಂದಿರುಗಿಸಿ ಹದಿಮೂರು ಸಲ ಆಗಿತ್ತು. ಪಾಯಿಂಟು ಅವಳದಾಗಿತ್ತು. ಆಟ ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆ ಹನ್ನೆರಡರ ಹಿಂದೆಯೇ ಅಂಬಿಕಾ ಜೀವಮಾನದಲ್ಲಿ ಮೊದಲ ಸಲ ತಳ್ಳುವುದು ಬಿಟ್ಟು ಹೊಡೆದಳು. ಚೆಂಡು ಎದುರಿನ ಮೂಲೆಗೆ ಬಡಿದು ಹೊರಗೆ ಹಾರಿತು.

ಹಾಲಿನ ಸೂರು ಹಾರುವಂತೆ ಜನ ಕೂಗಿದರು. ದಿಲ್ಲಿಯ ತರಬೇತುದಾರ ಕುರ್ಚಿಯ ಮೇಲೆ ಹತ್ತಿ ಕುಣಿದ. ವಿಮಲಸೇನ ಹನ್ನೊಂದು ಒಂಬತ್ತು ಎಂದು ಘೋಷಿಸಿದರು. ನೇಪಾಳದ ಹುಡುಗಿ ಕಣ್ಣೊರೆಸಿಕೊಂಡು, ಕೈ ಕುಲುಕಲು ಟೇಬಲ್ಲಿನ ಪಕ್ಕಕ್ಕೆ ಬಂದು ನಿಂತಳು. ನಾನು ಸುಮ್ಮನೆ ಕೂತಿದ್ದೆ. ಯಾರಿಗೂ ತಿಳಿದಿಲ್ಲ ಎಂದುಕೊಂಡೆ. ಆ ಒಂದು ಶಬ್ದವನ್ನು ಎಲ್ಲರೂ ಕೆಮ್ಮು ಎಂದುಕೊಂಡಿರುತ್ತಾರೆ. ನಮ್ಮ ಮಂಠಾಳದ ಮಗು ಶಿಬಿರಕ್ಕೆ ಹೋಗುತ್ತದೆ. ನಿವೃತ್ತಿಯ ಹೊತ್ತಿಗೆ ನನ್ನ ಮಾನವೂ ಉಳಿಯುತ್ತದೆ. ಇದನ್ನೆಲ್ಲ ಯೋಚಿಸಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಯೋಚಿಸಿದ್ದು ನಿಜ.

ಅಂಬಿಕಾ ಕೈ ಕುಲುಕಲಿಲ್ಲ. ಬ್ಯಾಟನ್ನು ಟೇಬಲ್ಲಿನ ಮೇಲಿಟ್ಟು, ಅಂಪೈರ್ ಕುರ್ಚಿಯ ಹತ್ತಿರ ಹೋಗಿ ಮೇಲೆ ನೋಡುತ್ತ ಕನ್ನಡದಲ್ಲಿ ಹೇಳಿದಳು.

‘ಸರ್, ಎಣಸೋದು ತಪ್ಪ್ಯಾದ್ರಿ. ಅವರು ಲಾಭ ಅಂದ್ರು, ಆಮ್ಯಾಲ ಮತ್ತ ಒನ್ ಅಂದ್ರು. ಹದ್ಮೂರು ಆಗಿತ್ತು. ಪಾಯಿಂಟ್ ಆಕಿದು.’

ಜೋಳ ಅಳೆಯುವ ಮನೆಯ ಮಗು. ಆ ಹಾಲಿನಲ್ಲಿ ಟೇಬಲ್ಲಿನ ಸುತ್ತ ಇದ್ದವರಲ್ಲಿ ನನ್ನ ತಪ್ಪು ಏನೆಂದು ತಿಳಿಯಬಲ್ಲವಳು ಅವಳೊಬ್ಬಳೇ ಇದ್ದಳು. ವಿಮಲಸೇನರಿಗೆ ಕನ್ನಡ ಬರುವುದಿಲ್ಲ. ಅವರು ಮುಗುಳ್ನಕ್ಕು, ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ಬೇರೆ ಯಾರನ್ನು ಕೇಳಿಯಾರು?

ಇನ್ನು ಬರೆಯುವುದು ಹೊಸಬರಿಗಾಗಿಯೇ. ನಾನು ಸುಳ್ಳು ಹೇಳಿದೆ. ಪಂದ್ಯ ಮುಗಿಯಿತೇ ಎಂದು ಕೇಳುತ್ತಿದ್ದಾಳೆ ಎಂದುಬಿಟ್ಟೆ. ವಿಮಲಸೇನ ಅವಳತ್ತ ಬಾಗಿ, ಹೌದು ಮಗು, ಮುಗಿಯಿತು, ನೀನು ಗೆದ್ದೆ ಎಂದರು. ಎಂಟನೆಯ ಇಯತ್ತೆಯ ಹುಡುಗಿಗೆ ಅಷ್ಟು ಇಂಗ್ಲಿಷ್ ಸಾಕಾಗಿತ್ತು. ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದ ಹುಡುಗನಿಗೆ ಮತ್ತೊಮ್ಮೆ ಮಾಡು ಎನ್ನುವ ಮಾಸ್ತರರ ಮುಖವಿತ್ತು.

‘ನಾ ಹೇಳಿದ್ದು ಅದಲ್ರಿ ಸರ್. ನಾ ಏನ್ ಹೇಳೀನಿ, ಅದನ್ನ ಹೇಳ್ರಿ.’

ಕುರ್ಚಿಯಿಂದ ಎದ್ದು ನಿಂತೆ. ನಾನು ತಪ್ಪು ಎಣಿಸಿದೆ, ಹದಿಮೂರು ಆಗಿತ್ತು, ಪಾಯಿಂಟು ನೇಪಾಳದ್ದು, ಈ ಹುಡುಗಿ ಹೇಳುತ್ತಿರುವುದು ಇದನ್ನೇ, ಈಗ ನಾನು ನಿಮಗೆ ಹೇಳಿದ್ದು ಸುಳ್ಳು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ವಿಮಲಸೇನ ರೆಫ್ರಿಯನ್ನು ಕರೆಸಿದರು. ಕುಲಕರ್ಣಿ ಬಾಯಿ ಬಂದು ಎರಡೂ ಕನ್ನಡಕ ಬದಲಿಸಿ ಬದಲಿಸಿ ಹಾಕಿಕೊಂಡು ಎಲ್ಲ ಕೇಳಿದರು. ಖಾತ್ರಿಯೇ ಎಂದು ಒಂದೇ ಸಲ ಕೇಳಿದರು. ಖಾತ್ರಿ ಎಂದೆ. ಸ್ಕೋರು ಹತ್ತು ಹತ್ತಕ್ಕೆ ಬಂತು. ಜನ ಗದ್ದಲ ಎಬ್ಬಿಸಿದರು, ಯಾರೋ ನನ್ನ ಹೆಸರು ಹಿಡಿದು ಬೈದರು. ನನ್ನನ್ನು ಬದಲಾಯಿಸಿ ಎಂದು ಬಾಯಿಯವರನ್ನು ಬೇಡಿಕೊಂಡೆ. ಅವರು, ಕೂತುಕೊಂಡು ಎಣಿಸಿ, ಈ ಸಲ ನೆಟ್ಟಗೆ ಎಣಿಸಿ ಎಂದು ಹೋಗಿಬಿಟ್ಟರು.

ನೇಪಾಳದವಳು ಸರ್ವ್ ಮಾಡಿದಳು, ಆರನೆಯದಕ್ಕೆ ಅಂಬಿಕಾಳ ಚೆಂಡು ನೆಟ್ಟಿಗೆ ಬಿತ್ತು. ಹತ್ತು ಹನ್ನೊಂದು. ಈಗ ಸರ್ವ್ ಅಂಬಿಕಾಳದು. ಅವಳು ಮತ್ತೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ, ಫರಸಿ ಕಲ್ಲಿನ ಅಭ್ಯಾಸವೇ ಕೈಗೆ ಬಂತು, ತಳ್ಳಿದಳು. ನಾನು ಎಣಿಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದೆ. ಹತ್ತಾಯಿತು, ಹನ್ನೊಂದಾಯಿತು. ಹೊಡಿಯವ್ವ, ಹೊಡಿ ಎಂದು ಒಳಗೇ ಅಂದುಕೊಳ್ಳುತ್ತಿದ್ದೆ, ಬಾಯಲ್ಲಿ ಮಾತ್ರ ಲೆಕ್ಕ ನಡೆದಿತ್ತು. ಹನ್ನೆರಡಾಯಿತು. ನೇಪಾಳದವಳ ಬ್ಯಾಟಿನಿಂದ ಚೆಂಡು ಮೆಲ್ಲಗೆ ತೇಲುತ್ತ ನೆಟ್ಟು ದಾಟಿ ಬಂದು, ಅಂಬಿಕಾಳ ಬದಿಯಲ್ಲಿ ಬಿತ್ತು. ಅದು ಎಷ್ಟು ನಿಧಾನವಾಗಿ ಬಂತೆಂದರೆ ಈಗಲೂ ಕೆಲವು ಮಧ್ಯಾಹ್ನ ಅದು ಬರುತ್ತಲೇ ಇರುತ್ತದೆ.

‘ಥರ್ಟೀನ್’ ಎಂದೆ. ಅವಳನ್ನು ಸೋಲಿಸಿದ ಮಾತು ನನ್ನ ಬಾಯಿಂದಲೇ ಬಂತು.

ದಿಲ್ಲಿಯ ತರಬೇತುದಾರ ನನ್ನ ಹತ್ತಿರ ಬಂದು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ಮನೆಯಲ್ಲಿ ಕೂರುವ ವಯಸ್ಸಿನಲ್ಲಿ ಇಲ್ಲಿಗೆ ಯಾಕೆ ಬರುತ್ತೀರಿ ಎಂದ. ಶಿಬಿರದ ಪಟ್ಟಿಯಲ್ಲಿ ಆ ವರ್ಷ ಅಂಬಿಕಾಳ ಹೆಸರು ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಒಂದು ಚೀಟಿ ಬರೆದೆ. ನಾಳೆಯಿಂದ ಕುರ್ಚಿಗೆ ಬರುವುದಿಲ್ಲ, ಅಂಪೈರ್ ಬ್ಯಾಡ್ಜನ್ನೂ ಇದರೊಂದಿಗೆ ಒಪ್ಪಿಸಿದ್ದೇನೆ, ಕ್ಷಮಿಸಿ ಎಂದು ಬರೆದು ಕುಲಕರ್ಣಿ ಬಾಯಿಯ ಮುಂದಿಟ್ಟೆ. ಅವರು ಓದಿ, ಮಡಿಚಿ, ಬ್ಯಾಡ್ಜಿನ ಜೊತೆ ಚೆಂಡಿನ ಡಬ್ಬಿಯ ಕೆಳಗೆ ಇಟ್ಟರು.

ಹಾಲಿನ ಹಿಂದೆ ನೀರಿನ ಟಾಕಿಯ ಹತ್ತಿರ, ನೆರಳಿನಲ್ಲಿ, ಅಂಬಿಕಾ ತನ್ನ ತಾಯಿಯೊಂದಿಗೆ ಕೂತಿದ್ದಳು. ತಾಯಿ ಬುತ್ತಿ ಬಿಚ್ಚಿದ್ದರು, ಜೋಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ. ಒಳಗಿನ ತಣ್ಣಗಿನ ಬೆಳಕಿನಿಂದ ಬಂದ ನನಗೆ ಹೊರಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಏನೂ ಸರಿಯಾಗಿ ಕಾಣಲಿಲ್ಲ. ಅವರ ಎದುರು ಹೋಗಿ ನಿಂತೆ.

‘ನನ್ನಿಂದ ಭಾಳ ತಪ್ಪಾತವ್ವ’ ಎಂದೆ. ‘ಎಣಸಿದ್ದೂ ತಪ್ಪು, ಆಮ್ಯಾಲ ಹೇಳಿದ್ದೂ ತಪ್ಪು.’

ಅಂಬಿಕಾ ಹೌದೆಂದು ತಲೆಯಾಡಿಸಿದಳು. ಇಲ್ಲ ಸರ್, ಏನೂ ಆಗಲಿಲ್ಲ ಎಂದು ಹೇಳಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಅತ್ತು ಕಣ್ಣು ಕೆಂಪಾಗಿದ್ದವು. ತಾಯಿ ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟರು, ನಿಂತುಕೊಂಡೇ ತಿಂದೆ. ಆಮೇಲೆ ಹುಡುಗಿ ಕೈಗೆ ಅಂಟಿದ ಶೇಂಗಾ ಹಿಂಡಿ ನೆಕ್ಕುತ್ತ, ನಾಳೆ ಐದನೇ ಸ್ಥಾನಕ್ಕೆ ಬಾಂಗ್ಲಾದೇಶದವಳ ಜೊತೆ ತನ್ನ ಆಟವಿದೆ, ಆಕೆಯೂ ತಳ್ಳುವವಳೇ ಎಂದಳು. ನಾಳೆ ಎಣಿಸಲು ಕೂರುತ್ತೀರೋ ಎಂದು ಕೇಳಿದಳು. ಇಲ್ಲವ್ವ, ನಾನು ಬಿಟ್ಟೆ, ಬೇರೆ ಯಾರಾದರೂ ಒಳ್ಳೆಯವರು ಕೂರುತ್ತಾರೆ ಎಂದೆ.

ಅವಳು ತಿನ್ನುವುದನ್ನು ನಿಲ್ಲಿಸಿದಳು.

‘ನೀವ ಕೂಡ್ರಿ ಸರ್’ ಎಂದಳು. ‘ಬ್ಯಾರೆಯವರು ತಪ್ಪಿದ್ರ ನಂಗ ತಿಳಿಯಂಗಿಲ್ರಿ. ನೀವು ತಪ್ಪಿದ್ರ ತಿಳೀತದ.’

ನಾನು ಒಳಗೆ ಹೋಗಿ ಚೆಂಡಿನ ಡಬ್ಬಿ ಎತ್ತಿ ನನ್ನ ಚೀಟಿ, ಬ್ಯಾಡ್ಜು ಎರಡನ್ನೂ ತೆಗೆದುಕೊಂಡೆ. ಕುಲಕರ್ಣಿ ಬಾಯಿ ತಲೆ ಎತ್ತದೆ, ನಾಳಿನ ಪಟ್ಟಿಯಲ್ಲಿ ನನ್ನ ಹೆಸರು ಬರೆಯುತ್ತಿದ್ದರು.